ಕದಲದ ಕಾರಿನ ಸವಾರಿ

ಮೋಟಾರು ಓಟದ ವಿಡಿಯೋ ಆಟದ ಯಂತ್ರಗಳಿಗೆ ಹಣ ಸುರಿಯುವವರಲ್ಲಿ ಎರಡು ಬಗೆಯವರುಂಟು. ಹೊರಗೆ ನಿಜವಾದ ಕಾರನ್ನು ಓಡಿಸುವವರು ಮೊದಲನೆಯ ಬಗೆ. ಅವರಿಗೆ ಪೊಲೀಸರ ಭಯ, ಪೆಟ್ರೋಲಿನ ಬೆಲೆಯ ಭಯ, ಬಂಪರಿನ ಮೇಲೆ ಗೀರು ಬಿದ್ದರೆ ಮನೆಯವರ ಭಯ. ಇವೆಲ್ಲದರಿಂದ ಮೂರು ನಿಮಿಷಗಳ ಮಟ್ಟಿಗಾದರೂ ಬಿಡುಗಡೆ ಬೇಕೆಂದು ಅವರು ಆ ಯಂತ್ರದ ಮುಂದೆ ಕೂರುತ್ತಾರೆ. ಕಾರನ್ನು ಎಂದೂ ಓಡಿಸದವರು, ಓಡಿಸಲಾಗದವರು ಎರಡನೆಯ ಬಗೆ. ಬೆಂಗಳೂರಿನ ವಿಮಾ ಕಚೇರಿಯೊಂದರಲ್ಲಿ ಮೂವತ್ತು ವರ್ಷಗಳಿಗೆ ಸಮೀಪವಾಗಿ ಗುಮಾಸ್ತಿಕೆ ಮಾಡುತ್ತ ಬಂದಿರುವ ಈ ಆಟಗಾರನು ಎರಡನೆಯ ಬಗೆಗೆ ಸೇರಿದವನು.

ಆತನಿಗೆ ಎಡಗಣ್ಣು ಕಾಣದು. ಒಂಬತ್ತನೆಯ ವಯಸ್ಸಿನಲ್ಲಿ ಬೀದಿಯಲ್ಲಿ ಚಿನ್ನಿದಾಂಡು ಆಡುತ್ತಿದ್ದಾಗ ಹಾರಿ ಬಂದ ಚಿನ್ನಿಯು ಕಣ್ಣನ್ನು ಕಳೆಯಿತು. ತಾಯಿ ನಂಜನಗೂಡಿಗೆ ಹೋಗಿ ನಂಜುಂಡೇಶ್ವರನಿಗೆ ಬೆಳ್ಳಿಯ ಕಣ್ಣನ್ನು ಒಪ್ಪಿಸಿ ಬಂದರು. ವೈದ್ಯರು ತಮ್ಮಿಂದಾದುದನ್ನು ಮಾಡಿದರು. ಕಣ್ಣು ಮಾತ್ರ ಮರಳಲಿಲ್ಲ. ಶಾಲೆಯ ಹುಡುಗರು ‘ಶುಕ್ರಾಚಾರ್ಯ’ ಎಂದು ಹೆಸರಿಟ್ಟರು. ವಾಮನನ ಕೈಯ ದರ್ಭೆಯಿಂದ ಕಣ್ಣು ಕಳೆದುಕೊಂಡ ಆ ಗುರುವಿಗೆ ಸತ್ತವರನ್ನು ಬದುಕಿಸುವ ವಿದ್ಯೆಯೂ ಗೊತ್ತಿತ್ತೆಂಬುದು ಆ ಹುಡುಗರಿಗೆ ನೆನಪಿದ್ದಂತೆ ತೋರುವುದಿಲ್ಲ. ಇರಲಿ, ಆ ವಿದ್ಯೆಯ ಮಾತು ಮುಂದೆ ಬರುತ್ತದೆ.

ಒಂದೇ ಕಣ್ಣಿನ ಬಾಳು ಹೊರಗಿನವರು ಊಹಿಸುವಷ್ಟು ಕಷ್ಟದ್ದಲ್ಲ. ಮಿದುಳು ಬೇಗನೆ ಹೊಂದಿಕೊಳ್ಳುತ್ತದೆ. ಆದರೂ ಲೋಟಕ್ಕೆ ಬಗ್ಗಿಸಿದ ಕಾಫಿ ಆಗಾಗ ತಟ್ಟೆಯ ಪಾಲಾಗುತ್ತದೆ. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಇಲ್ಲದೆಯೇ ಇದ್ದಂತೆಯೂ, ಇದ್ದೂ ಇಲ್ಲದಂತೆಯೂ ಕಾಡುತ್ತದೆ. ಎಡಗಡೆಯಿಂದ ಬಂದವರು ಆಕಾಶದಿಂದ ಇಳಿದವರಂತೆ ಹಠಾತ್ತನೆ ಪ್ರತ್ಯಕ್ಷರಾಗುತ್ತಾರೆ. ನಮ್ಮ ದೇಶದಲ್ಲಿ ಚಾಲಕನು ಕೂರುವುದು ಕಾರಿನ ಬಲಗಡೆ. ಅವನ ಎಡಕ್ಕೆ ಕಾರಿನ ಅಗಲವೆಲ್ಲವೂ ಇದೆ. ಅದರಾಚೆ ಸೈಕಲ್ಲಿನವನು, ತಲೆಯ ಮೇಲೆ ಬುಟ್ಟಿ ಹೊತ್ತವಳು, ದಾಟಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತ ಹಸು. ಅಣ್ಣನು ಕಾರು ಕಲಿತ ವರ್ಷ ತಮ್ಮನೂ ಚಕ್ರವನ್ನು ಹಿಡಿಯಬಯಸಿದನು. ತಾಯಿಯು ಹೆಚ್ಚು ಮಾತನಾಡಲಿಲ್ಲ. “ಬೇಡಪ್ಪಾ, ನಿನಗಿರೋದು ಒಂದೇ” ಎಂದರು. ಆ ಮಾತಿಗೆ ಎದುರಾಡುವುದು ಹೇಗೆ? ಚಕ್ರದ ಆಸೆಯನ್ನು ಆತ ಅಲ್ಲಿಗೇ ಕಟ್ಟಿಟ್ಟನು.

1993ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಕಾಲೇಜಿನ ಗೆಳೆಯನೊಬ್ಬನು ಅವನನ್ನು ಬ್ರಿಗೇಡ್ ರಸ್ತೆಯ ಸಮೀಪದ ಒಂದು ವಿಡಿಯೋ ಆಟದ ಅಂಗಡಿಗೆ ಕರೆದೊಯ್ದನು. ಒಳಗೆ ಕತ್ತಲೆ, ಸಿಗರೇಟಿನ ಹೊಗೆ, ಹತ್ತು ಯಂತ್ರಗಳು ಒಟ್ಟಿಗೆ ಕಿರುಚುವ ಗದ್ದಲ. ಮೂಲೆಯಲ್ಲಿ ಔಟ್ ರನ್ ಎಂಬ ಯಂತ್ರ. ಗೆಳೆಯನು ಟೋಕನ್ ಹಾಕಿದನು. ಮೊದಲನೆಯ ಗಡಿಯನ್ನು ಮುಟ್ಟುವುದರೊಳಗೆ ಎರಡು ಬಾರಿ ಮರಕ್ಕೆ ಗುದ್ದಿದನು. ಹೊತ್ತು ಮುಗಿದು ಹೋಯಿತು. ಅನಂತರ ಒಂದು ಕಣ್ಣಿನವನ ಸರದಿ. ಆತನು ಚಕ್ರವನ್ನು ಕೈಯಲ್ಲಿ ಹಿಡಿದದ್ದು ಬಾಳಿನಲ್ಲಿ ಅದೇ ಮೊದಲು. ಕೆಂಪು ಕಾರು ಕಡಲ ದಂಡೆಯ ಮರಗಳ ನಡುವೆ ಹೊರಟಿತು. ಮುಂದಿನ ಲಾರಿ ದೊಡ್ಡದಾಗುತ್ತ ಬಂತು. ಅದು ಎಷ್ಟು ದೂರದಲ್ಲಿದೆಯೆಂಬುದು ಅವನಿಗೆ ಸ್ಪಷ್ಟವಾಗಿ ತಿಳಿಯಿತು! ಕಾರು ಅದರ ಪಕ್ಕದಿಂದ ನುಸುಳಿ ಹೋಯಿತು. ಎರಡು ಗಡಿಗಳನ್ನು ದಾಟಿ, ಮೂರನೆಯ ಹಂತದ ನಡುವೆ ಹೊತ್ತು ಮುಗಿದು ಕಾರು ನಿಂತಾಗ ಗೆಳೆಯನು ಅವನ ಬೆನ್ನು ತಟ್ಟಿ, “ಮೊದಲೇ ಆಡಿದ್ದೆ, ನನಗೆ ಹೇಳಲಿಲ್ಲ, ಅಲ್ಲವೇನೋ?” ಎಂದನು.

ಆಡಿರಲಿಲ್ಲ. ಕಾರಣ ಬೇರೆಯೇ ಇತ್ತು. ಅದು ಹೊಳೆಯಲು ಅವನಿಗೆ ಕೆಲವು ವರ್ಷಗಳೇ ಹಿಡಿದವು.

ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಎರಡು ಬೇರೆ ನೆಲೆಗಳಿಂದ ನೋಡುತ್ತವೆ. ಆ ಎರಡು ನೋಟಗಳ ನಡುವಣ ಅಲ್ಪ ವ್ಯತ್ಯಾಸವನ್ನೇ ಮಿದುಳು ಆಳವೆಂದು ಓದಿಕೊಳ್ಳುತ್ತದೆ. ಸೂಜಿಗೆ ದಾರ ಪೋಣಿಸುವಾಗ, ಕಾಫಿ ಬಗ್ಗಿಸುವಾಗ ನೆರವಿಗೆ ಬರುವುದು ಈ ವ್ಯತ್ಯಾಸ. ಆಟದ ಪರದೆಯಾದರೋ ಚಪ್ಪಟೆಯಾದ ಗಾಜು. ಅಲ್ಲಿ ಕಾಣುವ ಮರವೂ, ಮರದಾಚೆಯ ಕಡಲೂ, ಕಡಲಾಚೆಯ ಮೋಡವೂ ಆಟಗಾರನ ಮುಖದಿಂದ ಒಂದೇ ದೂರದಲ್ಲಿವೆ: ಹೆಚ್ಚೆಂದರೆ ಎರಡು ಅಡಿ. ಅದರ ಮುಂದೆ ಎರಡನೆಯ ಕಣ್ಣು ಸಂಬಳ ಪಡೆದು ಕೆಲಸವಿಲ್ಲದೆ ಕುಳಿತ ನೌಕರನಂತೆ. ಕೆಲಸವಿಲ್ಲದ ನೌಕರರು ಸುಮ್ಮನಿರುತ್ತಾರೆಯೆ? ‘ಇದು ಚಪ್ಪಟೆ, ಇದು ಬರಿಯ ಗಾಜು’ ಎಂದು ಪಿಸುಗುಟ್ಟುತ್ತಲೂ ಇರುತ್ತದೆ. ಚಿತ್ರಶಾಲೆಗಳಲ್ಲಿ ಕೆಲವು ರಸಿಕರು ಒಂದು ಕಣ್ಣನ್ನು ಮುಚ್ಚಿ ಚಿತ್ರವನ್ನು ನೋಡುವುದುಂಟು. ಹಾಗೆ ನೋಡಿದರೆ ಚಿತ್ರದಲ್ಲಿ ಆಳ ಹೆಚ್ಚಾಗಿ ತೋರುತ್ತದೆ. ಈ ಆಟಗಾರನಿಗೆ ಆ ಶ್ರಮವೂ ಇರಲಿಲ್ಲ.

ಹಾಗಾದರೆ ದೂರ ಎಂಬುದು ಎಲ್ಲಿಂದ ಬರುತ್ತದೆ? ಇಲ್ಲಿಯೇ ಆ ಯಂತ್ರವನ್ನು ಕಟ್ಟಿದವರ ಜಾಣ್ಮೆ ಇರುವುದು. ಔಟ್ ರನ್ನಿನಲ್ಲಿ ರಸ್ತೆಯೇ ಇಲ್ಲ. ಪರದೆಯ ಮೇಲೆ ಒಂದರ ಕೆಳಗೊಂದು ಅಡ್ಡಗೆರೆಗಳಿವೆ. ಮೇಲಿನ ಗೆರೆಯಲ್ಲಿ ರಸ್ತೆಯ ಬಣ್ಣದ ಪಟ್ಟಿ ಕಿರಿದು, ಕೆಳಗೆ ಬಂದಂತೆ ಅಗಲ. ಮೇಲಿನ ಗೆರೆಗಳನ್ನು ಕ್ರಮವಾಗಿ ಬಲಕ್ಕೆ ಸರಿಸಿದರೆ ಅದು ಬಲತಿರುವು. ಎಡಕ್ಕೆ ಸರಿಸಿದರೆ ಎಡತಿರುವು. ಗೆರೆಗಳ ನಡುವಣ ಲೆಕ್ಕವನ್ನು ಹಿಗ್ಗಿಸಿ ಕುಗ್ಗಿಸಿದರೆ ಏರು, ಇಳಿಜಾರು. ಮರವೆಂಬುದು ಒಂದು ಚಿತ್ರ ಮಾತ್ರ. ಯಂತ್ರವು ಅದನ್ನು ಸಾಸಿವೆಯಷ್ಟು ಚಿಕ್ಕದಾಗಿ ದಿಗಂತದಲ್ಲಿಟ್ಟು, ಕ್ಷಣಕ್ಷಣಕ್ಕೂ ಹಿಗ್ಗಿಸುತ್ತ ಪರದೆಯ ಅಂಚಿನಾಚೆಗೆ ದಾಟಿಸುತ್ತದೆ. ಕಾರು ಇದ್ದಲ್ಲೇ ಇರುತ್ತದೆ. ಲೋಕವೇ ಬೆಳೆದು ಬೆಳೆದು ಅದರ ಪಕ್ಕದಲ್ಲಿ ಹರಿದುಹೋಗುತ್ತದೆ. ಜಪಾನಿನ ಸೆಗಾ ಸಂಸ್ಥೆಯವರು ಈ ತಂತ್ರಕ್ಕೆ ಸೂಪರ್ ಸ್ಕೇಲರ್ ಎಂದು ಹೆಸರಿಟ್ಟರು. 1985ರ ಹ್ಯಾಂಗ್ ಆನ್ ಎಂಬ ಮೋಟಾರ್ ಸೈಕಲ್ಲಿನ ಆಟದಲ್ಲಿ ಅದು ಮೊದಲು ಬಂತು. ಮರುವರ್ಷ ಔಟ್ ರನ್ನಿನಲ್ಲಿ ಹದಗೊಂಡಿತು. ಎರಡನ್ನೂ ರೂಪಿಸಿದವನು ಯು ಸುಜುಕಿ.

ಹಿಗ್ಗುವುದು, ಕುಗ್ಗುವುದು, ಒಂದರ ಹಿಂದೆ ಒಂದು ಮರೆಯಾಗುವುದು, ಹತ್ತಿರದ್ದು ಬೇಗನೆ ಓಡಿ ದೂರದ್ದು ಮೆಲ್ಲನೆ ಸರಿಯುವುದು: ಒಂದು ಕಣ್ಣಿನವರು ದೂರವನ್ನು ಅಳೆಯುವುದು ಈ ಗುರುತುಗಳಿಂದಲೇ. ಇತರರು ಇವನ್ನು ಮೈಮರೆತು ಬಳಸುತ್ತಾರೆ. ಈತನು ಹತ್ತು ವರ್ಷ ಬೀದಿ ಬೀದಿಯಲ್ಲಿ ಪೆಟ್ಟು ತಿಂದು ಕಲಿತಿದ್ದನು. ಜಪಾನಿನಲ್ಲಿ ಯಾರೋ ಕುಳಿತು ಕಟ್ಟಿದ ಲೋಕವೊಂದು ಅವನು ಕಲಿತ ಪಾಠವನ್ನೇ ವ್ಯಾಕರಣವಾಗಿ ಇಟ್ಟುಕೊಂಡಿತ್ತು. ಅಲ್ಲದೆ ಆ ರಸ್ತೆಯಲ್ಲಿ ಎಡಗಡೆಯಿಂದ ಯಾರೂ ನುಗ್ಗುವುದಿಲ್ಲ. ಬರಬೇಕಾದುದೆಲ್ಲವೂ ಎದುರಿನಿಂದಲೇ ಬರುತ್ತದೆ.

ಈ ಕಲೆ ಒಂದೇ ದಿನದಲ್ಲಿ ಹುಟ್ಟಿದ್ದೇನೂ ಅಲ್ಲ. 1974ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯವರು ಗ್ರ್ಯಾನ್ ಟ್ರ್ಯಾಕ್ 10 ಎಂಬ ಯಂತ್ರವನ್ನು ಹೊರತಂದಾಗ ಅದಕ್ಕೆ ಚಕ್ರ, ಗೇರು, ಕಾಲೊತ್ತುಗಳೆಲ್ಲ ಇದ್ದವು. ಆದರೆ ನೋಟ ಮಾತ್ರ ಮಾಳಿಗೆಯಿಂದ ಬಗ್ಗಿ ಅಂಗಳದ ಇರುವೆಯನ್ನು ನೋಡಿದಂತೆ. 1976ರ ನೈಟ್ ಡ್ರೈವರಿನಲ್ಲಿ ನೋಟ ಚಾಲಕನ ಕಣ್ಣಿಗೆ ಇಳಿಯಿತು. ಆಗಿನ ಯಂತ್ರಗಳ ಶಕ್ತಿ ಎಷ್ಟು ಸ್ವಲ್ಪವೆಂದರೆ, ರಸ್ತೆಯನ್ನು ಚಿತ್ರಿಸಲು ಅವುಗಳಿಂದಾಗದು. ಆದುದರಿಂದ ಅಟಾರಿಯವರು ರಾತ್ರಿಯನ್ನೇ ಆರಿಸಿಕೊಂಡರು. ಕರಿಯ ಪರದೆ, ಎರಡು ಪಕ್ಕದಲ್ಲಿ ಒಂದೊಂದಾಗಿ ಮೂಡುವ ಬಿಳಿಯ ಕಂಬಗಳು, ಅಷ್ಟೆ. ಕಾರೂ ಯಂತ್ರದ್ದಲ್ಲ, ಗಾಜಿನ ಮೇಲೆ ಕೂರಿಸಿದ ಚಿತ್ರ. ಬಡತನವನ್ನು ಇಷ್ಟು ಸೊಗಸಾಗಿ ಮುಚ್ಚಿಕೊಂಡ ಯಂತ್ರವು ಇನ್ನೊಂದಿರಲಾರದು. 1982ರಲ್ಲಿ ನಾಮ್ಕೊ ಸಂಸ್ಥೆಯ ಪೋಲ್ ಪೊಸಿಷನ್ ಜಪಾನಿನ ಫುಜಿ ಓಟದ ಹಾದಿಯನ್ನು ಬಣ್ಣಬಣ್ಣವಾಗಿ ತಂದಿತು. ಅದು ಕಟ್ಟುನಿಟ್ಟಾದ ಪಂದ್ಯ. ಮೊದಲು ಅರ್ಹತೆಯ ಸುತ್ತನ್ನು ಓಡಿ ತೋರಿಸಬೇಕು. ತೋರಿಸದವನಿಗೆ ಪಂದ್ಯವೇ ಇಲ್ಲ. ಪರೀಕ್ಷೆಗಳನ್ನು ಬರೆದು ಬರೆದು ದಣಿದ ಹುಡುಗರಿಗೆ ಅಲ್ಲಿಯೂ ಪ್ರವೇಶ ಪರೀಕ್ಷೆ!

ಔಟ್ ರನ್ನಿನ ಹಿರಿಮೆ ಬೇರೆ. ಅದರಲ್ಲಿ ಗೆಲ್ಲಬೇಕಾದ ಎದುರಾಳಿಯೇ ಇಲ್ಲ. ಸುಜುಕಿಯು ಯೂರೋಪಿನಲ್ಲಿ ಕಾರಿನಲ್ಲಿ ಸುತ್ತಾಡಿ, ಕಂಡ ದೃಶ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ಆ ಆಟವನ್ನು ಕಟ್ಟಿದನು. ಚಾಲಕನ ಪಕ್ಕದಲ್ಲಿ ಹೊಂಗೂದಲಿನ ಹೆಣ್ಣು. ಹೊರಡುವ ಮುನ್ನ ರೇಡಿಯೋ ತಿರುವಿ ಹಾಡನ್ನು ಆರಿಸಿಕೊಳ್ಳಬೇಕು. ಹಿರೋಶಿ ಕವಾಗುಚಿ ರಚಿಸಿದ ಮೂರು ರಾಗಗಳು ಅಲ್ಲಿದ್ದವು. ಈ ಆಟಗಾರನ ಮೆಚ್ಚು ಪ್ಯಾಸಿಂಗ್ ಬ್ರೀಜ್. ಅವಸರವಿಲ್ಲದ, ಮಧ್ಯಾಹ್ನದ ಬಿಸಿಲಿನಂಥ ರಾಗ. ಗಂಟೆಗೆ 293 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿಗೆ ಅವಸರವಿಲ್ಲದ ರಾಗವನ್ನು ಕೊಟ್ಟವನು ದೊಡ್ಡ ರಸಿಕನಾಗಿರಬೇಕು. ಪ್ರತಿ ಹಂತದ ಕೊನೆಯಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಎಡಕ್ಕೆ ತಿರುಗಿದರೆ ಸುಲಭ, ಬಲಕ್ಕೆ ತಿರುಗಿದರೆ ಕಠಿಣ. ಒಟ್ಟು 15 ಹಂತಗಳು, 5 ಕೊನೆಗಳು. ಒಂದು ಪ್ರಯಾಣದಲ್ಲಿ ಕಾಣಸಿಗುವುದು 5 ಹಂತಗಳು ಮಾತ್ರ. ಉಳಿದ ಊರುಗಳು ಆಚೆಯ ಕವಲಿನಲ್ಲಿ ಉಳಿದೇ ಹೋಗುತ್ತವೆ. ಎದುರಾಳಿಯೆಂದರೆ ಪರದೆಯ ಮೇಲ್ಗಡೆ ಇಳಿಯುತ್ತಿರುವ ಕ್ಷಣಗಳ ಲೆಕ್ಕವೊಂದೇ. ಗಡಿ ದಾಟಿದರೆ ಇನ್ನಷ್ಟು ಕ್ಷಣಗಳು ಸಿಗುತ್ತವೆ. ದಾಟದಿದ್ದರೆ ಕಾರು ಹಾಗೆಯೇ ನಿಲ್ಲುತ್ತದೆ.

ಈಗ ಆ ವಿದ್ಯೆಯ ಮಾತು. ಔಟ್ ರನ್ನಿನ ಕಾರು ಬಂಡೆಗೆ ಬಡಿದರೆ ಮೂರು ಪಲ್ಟಿ ಹೊಡೆಯುತ್ತದೆ. ಚಾಲಕನೂ ಹೆಣ್ಣೂ ರಸ್ತೆಗೆ ಬೀಳುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಕಾರು ಮತ್ತೆ ರಸ್ತೆಯ ನಡುವೆ ನಿಂತಿದೆ, ಇಬ್ಬರೂ ಕುಳಿತಿದ್ದಾರೆ, ಬಣ್ಣಕ್ಕೆ ಒಂದು ಗೀರೂ ಇಲ್ಲ! ಮೃತಸಂಜೀವಿನಿಯೆಂದರೆ ಇದೇ ಅಲ್ಲವೆ? ಈ ಆಟಗಾರನು ಹಗಲೆಲ್ಲ ಮಾಡುವ ಕೆಲಸ ಮೋಟಾರು ಅಪಘಾತಗಳ ಪರಿಹಾರದ ಕಾಗದಗಳನ್ನು ನೋಡುವುದು. ನಜ್ಜುಗುಜ್ಜಾದ ಕಾರುಗಳ ಛಾಯಾಚಿತ್ರಗಳು, ಪೊಲೀಸರ ಪಂಚನಾಮೆ, ಆಸ್ಪತ್ರೆಯ ಬಿಲ್ಲುಗಳು, ಕೆಲವೊಮ್ಮೆ ಮರಣಪತ್ರದ ನಕಲು. ಚಾಲಕನ ವಯಸ್ಸು ಎಂಬ ಅಂಕಣದಲ್ಲಿ 19 ಎಂದೋ 22 ಎಂದೋ ಬರೆದಿರುವುದನ್ನು ಓದಿ ಮೊಹರು ಒತ್ತಬೇಕು. ಒಮ್ಮೆ ಹಾವೇರಿಯ ಕಡೆಯಿಂದ ಬಂದಿದ್ದ ತಂದೆಯೊಬ್ಬರು ಮೇಜಿನ ಮುಂದೆ ಕುಳಿತು, ಮಗನ ಕಾರಿನ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಇದರಾಗ ಯಾವ ಕಡೆ ಮುಂದ, ಯಾವ ಕಡೆ ಹಿಂದ ಹೇಳ್ರಿ ಸಾಹೇಬ್ರ” ಎಂದು ಕೇಳಿದರು. ಗುಮಾಸ್ತನು ಉತ್ತರ ಹೇಳಲಾರದೆ ಕುಳಿತನು. ಆ ಸಂಜೆ ಆತ ಆಟದ ಅಂಗಡಿಗೆ ಹೋದನೆಂದರೆ ಕೆಲವರು ಮುಖ ಸಿಂಡರಿಸಬಹುದು. ಹೋದದ್ದು ನಿಜ. ಎಷ್ಟು ಸಲ ಮಗುಚಿದರೂ ಎದ್ದು ನಿಲ್ಲುವ ಕಾರೊಂದನ್ನು ಅವನು ಆ ದಿನ ನೋಡಬೇಕಾಗಿತ್ತು.

ಮುಂದಿನ ಯಂತ್ರಗಳು ಚಿತ್ರಗಳನ್ನು ಹಿಗ್ಗಿಸುವ ತಂತ್ರವನ್ನು ಬಿಟ್ಟವು. 1992ರ ವರ್ಚುವಾ ರೇಸಿಂಗಿನಲ್ಲಿ ಲೋಕವೆಲ್ಲ ಕೋನಕೋನದ ಫಲಕಗಳಿಂದ ಕಟ್ಟಲ್ಪಟ್ಟಿತು. ಗುಂಡಿಯೊತ್ತಿ ನಾಲ್ಕು ಬೇರೆ ನೆಲೆಗಳಿಂದ ಕಾರನ್ನು ನೋಡಬಹುದಾಗಿತ್ತು. 1993ರಲ್ಲಿ ನಾಮ್ಕೊದವರ ರಿಡ್ಜ್ ರೇಸರ್ ಬಂತು. ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ ಅಡ್ಡಡ್ಡವಾಗಿ ಸಾಗುವ ಸುಖವನ್ನು ಜನಕ್ಕೆ ಕಲಿಸಿದ ಆಟ ಅದು. ನಿಜವಾದ ರಸ್ತೆಯಲ್ಲಿ ಹಾಗೆ ಮಾಡಿದವರ ಕಾಗದಪತ್ರಗಳು ವಿಮಾ ಕಚೇರಿಗೆ ಬರುತ್ತವೆ. ಇದೇ ಆಟದ ದೊಡ್ಡ ಆವೃತ್ತಿಯೊಂದರಲ್ಲಿ ಜಪಾನಿನವರು ಅಚ್ಚ ಮಾಜ್ದಾ ಕಾರನ್ನೇ ತಂದು ಮೂರು ಭಾರಿ ಪರದೆಗಳ ಮುಂದೆ ನಿಲ್ಲಿಸಿದರು. ಓಡಲೆಂದೇ ಹುಟ್ಟಿದ ಕಾರು ಜನ್ಮವಿಡೀ ಒಂದಂಗುಲವೂ ಕದಲದೆ ನಿಂತು, ಸಾವಿರಾರು ಮಂದಿಗೆ ಓಟದ ಭ್ರಮೆಯನ್ನು ಕೊಟ್ಟಿತು. ಈ ಆಟಗಾರನು ಅದನ್ನು ಚಿತ್ರಗಳಲ್ಲಿ ಮಾತ್ರ ಬಲ್ಲನು. ಅದರಲ್ಲಿ ಒಮ್ಮೆ ಕೂರಬೇಕೆಂಬುದು ಅವನ ತೀರದ ಆಸೆಗಳಲ್ಲೊಂದು.

ಸೆಗಾದವರ ಡೇಟೋನಾ ಯು.ಎಸ್.ಎ. ಎಂಬುದು ಗದ್ದಲದ ಆಟ. ಅದರ ಸಂಗೀತಗಾರ ತಕೆನೊಬು ಮಿತ್ಸುಯೋಶಿ ಆಟದ ಹೆಸರನ್ನೇ ರಾಗವಾಗಿ ಎಳೆದು ತಾನೇ ಹಾಡಿದ್ದಾನೆ. ಒಮ್ಮೆ ಕೇಳಿದವರಿಗೆ ಮೂರು ದಿನ ಅದರಿಂದ ಬಿಡುಗಡೆಯಿಲ್ಲ. ಎಂಟು ಯಂತ್ರಗಳನ್ನು ತಂತಿಯಿಂದ ಕೂಡಿಸಿ ಸಾಲಾಗಿ ಇಟ್ಟರೆ ಎಂಟು ಮಂದಿ ಭುಜಕ್ಕೆ ಭುಜ ತಾಗಿಸಿ ಒಂದೇ ಪಂದ್ಯವನ್ನು ಓಡಬಹುದು. ಅದರ ಸೊಗಸಿರುವುದು ಪರದೆಯಲ್ಲಲ್ಲ, ಪಕ್ಕದವನ ಬೈಗುಳದಲ್ಲಿ. ಆದರೆ ಇಂಥ ಆಟಗಳಲ್ಲಿ ಒಂದು ಕುಟಿಲವೂ ಉಂಟು. ಹಿಂದೆ ಬಿದ್ದವನ ಕಾರಿಗೆ ಯಂತ್ರವು ಗುಟ್ಟಾಗಿ ವೇಗವನ್ನು ಕೊಟ್ಟು, ಪಂದ್ಯವು ಕೊನೆಯವರೆಗೂ ಬಿಗಿಯಾಗಿರುವಂತೆ ನೋಡಿಕೊಳ್ಳುತ್ತದೆ. ಸೋತವನು ‘ಇನ್ನೊಂದು ಸಲ’ ಎನ್ನಬೇಕಲ್ಲ! ಔಟ್ ರನ್ನಿನ ಗಡಿಯಾರಕ್ಕೆ ಕರುಣೆಯಿರಲಿಲ್ಲ, ನಿಜ, ಕಪಟವೂ ಇರಲಿಲ್ಲ.

ಟೋಕನ್ನಿನ ಕಾಲ ಹೋಗಿ ಕಾರ್ಡಿನ ಕಾಲ ಬಂದಿದೆ. ಮಾಲುಗಳ ಆಟದ ಅಂಗಳಗಳಲ್ಲಿ ಕಾರ್ಡನ್ನು ತೋರಿಸಿದರೆ ಯಂತ್ರ ಕಣ್ಣು ತೆರೆಯುತ್ತದೆ. ಕಾರ್ಡಿನಲ್ಲಿ ಒಂದು ಆಟಕ್ಕೆ ಸಾಲದಷ್ಟು ಹಣ ಯಾವಾಗಲೂ ಉಳಿದೇ ಇರುತ್ತದೆ, ಇದು ಯಾರ ಲೆಕ್ಕಾಚಾರವೋ. ಜಪಾನಿನಲ್ಲಿಯೇ ಆ ವೈಭವ ಇಳಿದುಹೋಗಿದೆ. ಸೆಗಾ ಸಂಸ್ಥೆಯು ಆಟದ ಮನೆಗಳ ವ್ಯಾಪಾರವನ್ನು ಗೆಂಡಾ ಎಂಬ ಕಂಪನಿಗೆ ಮಾರಿತು; 2022ರಿಂದಾಚೆಗೆ ಆ ಕಟ್ಟಡಗಳ ಮೇಲಿನ ಸೆಗಾ ಫಲಕಗಳು ಕೆಳಗಿಳಿದು ಗಿಗೋ ಎಂಬ ಹೆಸರು ಏರಿತು.

ಹೊಸ ಯಂತ್ರಗಳಲ್ಲಿ ಈ ಆಟಗಾರನಿಗೆ ನಿಜವಾಗಿ ನೋವುಂಟುಮಾಡಿದುದು ಬೇರೊಂದು. ಇತ್ತೀಚೆಗೆ ಮಗಳು ಅವನನ್ನು ಮಾಲಿಗೆ ಕರೆದೊಯ್ದು ಮುಖಕ್ಕೆ ಕಟ್ಟಿಕೊಳ್ಳುವ ಭಾರಿ ಕನ್ನಡಕದ ಆಟವೊಂದನ್ನು ತೋರಿಸಿದಳು. ಅದರೊಳಗೆ ಕಣ್ಣಿಗೊಂದರಂತೆ ಎರಡು ಬೇರೆ ಬೇರೆ ಚಿತ್ರಗಳು ಮೂಡುತ್ತವೆ. ಎರಡೂ ಕೂಡಿಕೊಂಡು, ಕೈ ಚಾಚಿದರೆ ಸಿಗುವುದೆಂಬಂತೆ ಲೋಕ ಎದ್ದು ನಿಲ್ಲುತ್ತದೆಯಂತೆ. ಮಗಳು ಕುಳಿತಲ್ಲಿಯೇ ಕೂಗಿದಳು, ತಪ್ಪಿಸಿಕೊಳ್ಳುವವಳಂತೆ ತಲೆ ಬಗ್ಗಿಸಿದಳು, ನಕ್ಕಳು. ಆಮೇಲೆ ಕನ್ನಡಕವನ್ನು ತಂದೆಗೆ ಕಟ್ಟಿದಳು. ಆತನಿಗೆ ಅಲ್ಲಿ ಕಂಡದ್ದು ಹಳೆಯ ಪರದೆಯೇ. ಪರದೆ ಮೂಗಿಗೆ ಹತ್ತಿರ ಬಂದಿತ್ತು, ಅಷ್ಟೆ. ಮೂವತ್ತು ವರ್ಷಗಳ ಕಾಲ ಎಲ್ಲರಿಗೂ ಸಮನಾಗಿದ್ದ ಆ ಲೋಕ ಅಂದು ಎರಡು ಕಣ್ಣಿನವರ ಪಕ್ಷಕ್ಕೆ ಸೇರಿಬಿಟ್ಟಿತು. “ಹೇಗಿತ್ತಪ್ಪಾ?” ಎಂದು ಅವಳು ಕೇಳಿದಳು. “ಚೆನ್ನಾಗಿದೆ ಪುಟ್ಟಿ” ಎಂದು ಆತ ಕನ್ನಡಕವನ್ನು ಬಿಚ್ಚಿ ಕೊಟ್ಟನು. ಅರ್ಧ ದಾರಿಗೆ ಬಂದ ಮೇಲೆ ಅವಳಿಗೆ ಅರಿವಾಯಿತು. ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಮಗಳಿಗೆ ಈಗ ಇಪ್ಪತ್ತೆರಡು. ಕಾರನ್ನು ಚೆನ್ನಾಗಿ ಓಡಿಸುತ್ತಾಳೆ. ಚಿಕ್ಕವಳಿದ್ದಾಗ ತಂದೆಯ ತೊಡೆಯ ಮೇಲೆ ಕುಳಿತು ಅವಳು ಮೊದಲು ಚಕ್ರ ಹಿಡಿದದ್ದು ಸೆಗಾ ರ‍್ಯಾಲಿ ಎಂಬ 1995ರ ಯಂತ್ರದಲ್ಲಿ. ಆ ಆಟದಲ್ಲಿ ಕಾಣದ ಜೊತೆಗಾರನೊಬ್ಬನು ಪಕ್ಕದಲ್ಲಿ ಕುಳಿತು ಮುಂದಿನ ತಿರುವನ್ನು ಕೂಗಿ ಹೇಳುತ್ತಾನೆ: ಈಸಿ ರೈಟ್, ಮೀಡಿಯಂ ಲೆಫ್ಟ್. ಕಣ್ಣಿಗೆ ತಿರುವು ಕಾಣುವ ಮುನ್ನವೇ ಕಿವಿಗೆ ತಿಳಿದಿರುತ್ತದೆ. ತಂದೆಗೆ ಈ ಏರ್ಪಾಡು ಬಹಳ ಹಿಡಿಸಿತ್ತು.

ಕಳೆದ ಮಳೆಗಾಲದಲ್ಲಿ ತಂದೆಯೂ ಮಗಳೂ ಧರ್ಮಸ್ಥಳಕ್ಕೆ ಹೋಗಿ, ಚಾರ್ಮಾಡಿ ಘಾಟಿಯ ಮೂಲಕ ಮರಳುತ್ತಿದ್ದರು. ಮಧ್ಯಾಹ್ನ ಕಳೆದು ನಾಲ್ಕು ಗಂಟೆಯ ಹೊತ್ತು. ಘಾಟಿಯ ನಡುವಿಗೆ ಬರುವುದರೊಳಗೆ ಮಂಜು ಇಳಿದು ರಸ್ತೆಯನ್ನು ನುಂಗಿತು. ದೀಪ ಹಾಕಿದರೆ ಬಿಳಿಯ ಗೋಡೆ. ಬಂಡೆ, ಮರ, ಕಣಿವೆ ಯಾವುದೂ ಇಲ್ಲ. ರಸ್ತೆಯಂಚಿನಲ್ಲಿ ಸುಣ್ಣ ಬಳಿದ ಕಲ್ಲುಗಳು ಮಾತ್ರ ಒಂದೊಂದಾಗಿ ಮೂಡಿ, ದೊಡ್ಡವಾಗಿ, ಪಕ್ಕಕ್ಕೆ ಸರಿದು ಮರೆಯಾಗುತ್ತಿದ್ದವು. ಮಗಳು ಚಕ್ರವನ್ನು ಬಿಗಿಯಾಗಿ ಹಿಡಿದು, “ಅಪ್ಪಾ, ನನಗೇನೂ ಕಾಣ್ತಿಲ್ಲ” ಎಂದಳು.

ಆತ ಕುಳಿತಿದ್ದದ್ದು ಎಡಗಡೆಯ ಆಸನದಲ್ಲಿ. ಒಳ್ಳೆಯ ಕಣ್ಣು ರಸ್ತೆಯ ಕಡೆಗಿತ್ತು. ಮುಂದಕ್ಕೆ ಬಾಗಿ ಗಾಜನ್ನು ಒರೆಸಿದನು.

“ನಿಧಾನ. ಇಪ್ಪತ್ತರಲ್ಲಿ ಹೋಗು. ಕಲ್ಲು ಒತ್ತೊತ್ತಾಗಿ ಬರ್ತಿವೆ, ಬಲಕ್ಕೆ ತಿರುವು.”

ತಿರುವು ಬಂತು.

“ಈಗ ಎಡಕ್ಕೆ. ಮೀಡಿಯಂ ಲೆಫ್ಟ್.”

ಮಗಳಿಗೆ ಆ ಭಯದಲ್ಲಿಯೂ ನಗು ಬಂತು. ಎದುರಿನಿಂದ ಹಳದಿ ದೀಪಗಳೆರಡು ಮೂಡಿದವು. “ಲಾರಿ ಎಷ್ಟು ದೂರ ಅಪ್ಪಾ?” ಎಂದಳು. ಆತ ದೀಪಗಳು ಹಿಗ್ಗುವುದನ್ನು ಒಂದು ಕ್ಷಣ ನೋಡಿದನು. “ಇನ್ನೂ ಮೂರು ಕಲ್ಲಿನಾಚೆ ಇದೆ. ಅಂಚಿಗೆ ತಂದು ನಿಲ್ಲಿಸು” ಎಂದನು. ಅವಳು ನಿಲ್ಲಿಸಿದಳು. ಲಾರಿ ನರಳುತ್ತ ಪಕ್ಕದಲ್ಲಿ ಇಳಿದುಹೋಯಿತು. ಮತ್ತೆ ಕಲ್ಲುಗಳು, ಮತ್ತೆ ತಿರುವು. ಕೊಟ್ಟಿಗೆಹಾರದ ದೀಪಗಳು ಕಂಡಾಗ ಆರೂಮುಕ್ಕಾಲು. ಇಬ್ಬರೂ ಇಳಿದು ಹೋಟೆಲಿನ ಬೆಂಚಿನ ಮೇಲೆ ಕುಳಿತು ನೀರುದೋಸೆ ತರಿಸಿಕೊಂಡರು. ಲೋಟಕ್ಕೆ ಕಾಫಿ ಬಗ್ಗಿಸಿದವಳು ಮಗಳೇ.